ತಾತನ ಬಲಗೈ

ನಮ್ಮ ಕೆಲಸ ಏನೆಂದು ಕೇಳಿದವರಿಗೆ ನಾನು ಮೊದಲು ಹೇಳುವುದು, ಚಿತ್ರ ಬರೆಯುವವರು ಬೇರೆ, ನಾವು ಬೇರೆ ಎಂದು. ಮಕ್ಕಳ ಧಾರಾವಾಹಿಯ ತಾತನ ಮೀಸೆ ಎಷ್ಟು ದಪ್ಪ, ಹೊಟ್ಟೆ ಎಷ್ಟು ಮುಂದೆ ಎಂಬುದನ್ನು ಬೆಂಗಳೂರಿನಲ್ಲಿ ಯಾರೋ ತೀರ್ಮಾನಿಸಿ ಕಳುಹಿಸುತ್ತಾರೆ. ನಮ್ಮ ಕೈಗೆ ಬರುವ ಹೊತ್ತಿಗೆ ಅವನು ಕಂಪ್ಯೂಟರಿನೊಳಗಿನ ಒಂದು ಬೊಂಬೆ. ಮೈಯೆಲ್ಲ ಕೀಲು, ಮುಖದ ತುಂಬ ಹಿಡಿದು ಎಳೆಯುವ ಚುಕ್ಕೆ. ಆ ಬೊಂಬೆಗೆ ಜೀವ ಇದೆಯೆಂದು ನಂಬಿಸುವುದು ನಮ್ಮ ಪಾಲಿನ ಕೆಲಸ. ಹೆಜ್ಜೆ ಇಟ್ಟರೆ ಭಾರ ನೆಲಕ್ಕೆ ಇಳಿದಂತೆ ಕಾಣಬೇಕು, ತಲೆ ತಿರುಗುವ ಮೊದಲು ಕಣ್ಣು ತಿರುಗಬೇಕು. ಅದು ತಪ್ಪಿದರೆ ನೋಡುವ ಮಗುವಿಗೆ ಏನು ತಪ್ಪಿತೆಂದು ತಿಳಿಯುವುದಿಲ್ಲ. ಚಾನೆಲ್ ಬದಲಾಯಿಸುತ್ತದೆ, ಅಷ್ಟೆ.

ಸ್ಟುಡಿಯೊ ಇರುವುದು ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ತಿರುಗುವ ಒಂದು ಬೀದಿಯಲ್ಲಿ, ಪಂಪ್‌ಸೆಟ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಮೋಟಾರು ಓಡಿಸಿ ನೋಡುವಾಗ ನಮ್ಮ ಮೇಜು ಸಣ್ಣಗೆ ನಡುಗುತ್ತದೆ. ನಾನು ಉಪ್ಪಾರಹಳ್ಳಿಯಿಂದ ಬೈಕಿನಲ್ಲಿ ಬರುತ್ತೇನೆ. ಇದಕ್ಕೂ ಮೊದಲು ಊರಿನ ಒಂದು ದಿನಪತ್ರಿಕೆಯಲ್ಲಿ ಪುಟ ಕಟ್ಟುತ್ತಿದ್ದೆ. ಪತ್ರಿಕೆ ನಿಂತಿತು. ಕಂಪ್ಯೂಟರ್ ಮುಂದೆ ಕೂರುವುದು ಬಿಟ್ಟರೆ ಬೇರೆ ಅಭ್ಯಾಸವಿರಲಿಲ್ಲ, ಹಾಗಾಗಿ ಇಲ್ಲಿಗೆ ಬಂದೆ. ನನಗೆ ಕೆಲಸ ಕಲಿಸಿದವರು ಮೇಷ್ಟ್ರು.

ಮೇಷ್ಟ್ರು ನಿಜಕ್ಕೂ ಮೇಷ್ಟ್ರೇ ಆಗಿದ್ದವರು. ಗುಬ್ಬಿಯ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದರು. ಶಾಲೆಯವರು ಡ್ರಾಯಿಂಗ್ ಪೀರಿಯಡ್ ತೆಗೆದು ಅಬ್ಯಾಕಸ್ ಹಾಕಿದರು. ನಲವತ್ತು ದಾಟಿದ ಮೇಲೆ ಅವರು ಕಂಪ್ಯೂಟರ್ ಕಲಿತು, ನಮ್ಮೆಲ್ಲರಿಗಿಂತ ಚೆನ್ನಾಗಿ ಕಲಿತು, ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ಬರತೊಡಗಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮಾತು ಮಾತ್ರ ಅಂಗಿಯಷ್ಟು ಶುಭ್ರವಲ್ಲ.

ಈ ಕೆಲಸದಲ್ಲಿ ಒಂದು ಪದ್ಧತಿಯಿದೆ. ಶಾಟ್ ಕೈಗೆ ಬಂದ ಕೂಡಲೇ ಮೌಸ್ ಹಿಡಿಯುವಂತಿಲ್ಲ. ಎದ್ದು ಹೋಗಿ, ಪಾತ್ರ ಮಾಡಬೇಕಾದ್ದನ್ನು ನಾವೇ ಮಾಡಿ, ಫೋನಿನಲ್ಲಿ ಹಿಡಿದುಕೊಳ್ಳಬೇಕು. ಅದಕ್ಕೆ ರೆಫರೆನ್ಸ್ ಎನ್ನುತ್ತೇವೆ. ಆಮೇಲೆ ಆ ವಿಡಿಯೊವನ್ನು ಒಂದೊಂದು ಫ್ರೇಮ್ ಸರಿಸುತ್ತ ನೋಡಿ, ಸೊಂಟ ಯಾವಾಗ ಇಳಿಯಿತು, ಹಿಮ್ಮಡಿ ಯಾವಾಗ ಎದ್ದಿತು ಎಂದು ಗುರುತಿಸಿ, ಬೊಂಬೆಯಲ್ಲಿ ಕೂರಿಸುವುದು. ಎಲ್ಲರಿಗೂ ಕ್ಯಾಮೆರಾ ಮುಂದೆ ನಾಚಿಕೆ. ಮೇಷ್ಟ್ರಿಗೆ ಇರಲಿಲ್ಲ. ಮೆಟ್ಟಿಲ ಪಕ್ಕದ ಉದ್ದನೆಯ ವರಾಂಡದಲ್ಲಿ ಅವರು ತಾತನಾಗುತ್ತಿದ್ದರು, ತಾತನ ಕುದುರೆಯಾಗುತ್ತಿದ್ದರು, ಪಕ್ಕದ ಮನೆಯ ಜಗಳಗಂಟಿಯಾಗುತ್ತಿದ್ದರು. ನಾನು ಹೊಸದರಲ್ಲಿ ತಾತ ಕಟ್ಟೆಯ ಮೇಲೆ ಕೂರುವ ಶಾಟ್ ಮಾಡಿ ತೋರಿಸಿದಾಗ ಹೇಳಿದ್ದರು:

"ಲೇ, ಮುದ್ಕ ಕೂತಂಗಿಲ್ಲ ಕಣ್ಲಾ ಇದು. ಹೆಣ್ಣು ನೋಡಕ್ಕೆ ಬಂದ ಗಂಡು ಕೂತಂಗದೆ. ಉಪ್ಪಿಟ್ಟು ಬರೋದೊಂದು ಬಾಕಿ."

ಧಾರಾವಾಹಿ ಜಟಕಾ ಗಾಡಿ ಹೊಡೆಯುವ ಈ ತಾತನದೇ. ಅದು ಹಲವು ವರ್ಷ ನಡೆಯಿತು. ನಮ್ಮ ಸ್ಟುಡಿಯೊದ ಹೊಟ್ಟೆ ತುಂಬಿಸಿದ್ದು ಅದೊಂದೇ. ತಾತನ ಎಲ್ಲ ಶಾಟ್‌ಗಳಿಗೂ ರೆಫರೆನ್ಸ್ ಮೇಷ್ಟ್ರದೇ ಆಗಿದ್ದರಿಂದ, ತಾತ ನಡೆದದ್ದೆಲ್ಲ ಮೇಷ್ಟ್ರ ನಡಿಗೆಯೇ ಆಗಿತ್ತು.

ಒಂದು ದಿನ ತಾತ ಮನೆಯಿಂದ ಗಾಡಿಯ ತನಕ ನಡೆದು ಬರುವ ಶಾಟ್ ನನಗೆ ಬಂತು. ಮೇಷ್ಟ್ರು ವರಾಂಡದಲ್ಲಿ ನಡೆದು ತೋರಿಸಿದರು. ಫ್ರೇಮ್ ಸರಿಸುತ್ತ ಕುಳಿತಾಗ ಎಡಗೈ ಎಂದಿನಂತೆ ಹಿಂದಕ್ಕೂ ಮುಂದಕ್ಕೂ ಬೀಸುತ್ತಿತ್ತು. ಬಲಗೈ ಬೀಸುತ್ತಿರಲಿಲ್ಲ. ಮೊಣಕೈ ತುಸು ಮಡಚಿಕೊಂಡು ಪಕ್ಕೆಗೆ ಅಂಟಿಕೊಂಡಿತ್ತು.

"ಮೇಷ್ಟ್ರೇ, ಬಲಗೈ ಯಾಕೆ ಹಂಗೇ ನಿಂತಿದೆ?" ಎಂದು ಕೇಳಿದೆ.

"ತಾತ ಚಾವಟಿ ಹಿಡ್ದವ್ನಲ್ವೇನ್ಲಾ? ಚಾವಟಿ ಹಿಡ್ದೋನು ಮಿಲ್ಟ್ರಿಯೋನಂಗೆ ಕೈ ಬೀಸ್ತಾನಾ?"

ಉತ್ತರ ಸರಿಯಾಗಿತ್ತು. ಹಾಗೆಯೇ ಕೂರಿಸಿದೆ. ಬೆಂಗಳೂರಿನಿಂದ ಬಂದ ಮೇಲ್ ಅನ್ನು ಓನರ್ ಎಲ್ಲರ ಮುಂದೆ ಓದಿದರು. ತಾತನ ಈ ಹೊಸ ನಡಿಗೆ ತುಂಬಾ ಇಷ್ಟವಾಗಿದೆ, ಈಗ ನಿಜವಾದ ವಯಸ್ಸು ಕಾಣುತ್ತಿದೆ, ಇನ್ನು ಮುಂದಿನ ಎಲ್ಲ ಕಂತುಗಳಿಗೂ ಇದೇ ಇರಲಿ ಎಂದಿತ್ತು. ಬೊಂಬೆಗೆ ಕೀಲು ಕೂರಿಸುವ ಹುಡುಗಿ ಚಪ್ಪಾಳೆ ತಟ್ಟಿದಳು. "ಮೇಷ್ಟ್ರು ಪಾತ್ರದೊಳಗೇ ಇಳಿದ್ಬಿಟ್ಟವ್ರೆ" ಎಂದು ಒಬ್ಬ ಹೇಳಿದ. ಓನರ್ ಎಲ್ಲರಿಗೂ ತಟ್ಟೆ ಇಡ್ಲಿ ತರಿಸಿದರು. ಮೇಷ್ಟ್ರು ಹೊಟ್ಟೆ ತುಂಬಿದೆ ಎಂದು ಹೇಳಿ ಅವರ ಪಾಲನ್ನು ನನ್ನ ಕಡೆ ಸರಿಸಿದರು.

ಮುಂದಿನ ಶಾಟ್‌ಗಳಲ್ಲಿ ತಾತನ ಕೈಯಲ್ಲಿ ಚಾವಟಿ ಇರಲಿಲ್ಲ. ಕೈ ಮಾತ್ರ ಹಾಗೆಯೇ ಇತ್ತು. ಹಳೆಯ ಕಂತುಗಳ ರೆಫರೆನ್ಸ್ ತೆರೆದು, ಹಳೆಯ ಮೇಷ್ಟ್ರನ್ನೂ ಹೊಸ ಮೇಷ್ಟ್ರನ್ನೂ ಒಂದರ ಮೇಲೊಂದು ಇಟ್ಟು ಓಡಿಸಿದೆ. ಅದು ನಾವು ದಿನವೂ ಮಾಡುವ ಕೆಲಸವೇ. ಹಳೆಯವರು ವರಾಂಡದ ಕೊನೆ ಮುಟ್ಟುವ ಹೊತ್ತಿಗೆ ಹೊಸಬರು ಇನ್ನೂ ನಡುವೆ ಇದ್ದರು. ಹೆಜ್ಜೆ ಗಿಡ್ಡವಾಗಿತ್ತು. ತಿರುಗುವಾಗ ಹಳೆಯವರು ಒಂದೇ ಸಲಕ್ಕೆ ತಿರುಗುತ್ತಿದ್ದರು. ಹೊಸಬರು ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು, ಇಡೀ ಮೈಯನ್ನು ಒಂದು ಕಂಬದಂತೆ ತಿರುಗಿಸುತ್ತಿದ್ದರು. ಮುಖದಲ್ಲಿ ಕಣ್ಣು ರೆಪ್ಪೆ ಬಡಿಯುವುದು ಕಡಿಮೆಯಾಗಿತ್ತು. ಅದು ಅಭಿನಯವಲ್ಲ. ಯಾರೂ ಅಷ್ಟು ಸಣ್ಣದಾಗಿ ಅಭಿನಯಿಸುವುದಿಲ್ಲ.

ಆ ವಾರವೇ ಕುಣಿಗಲ್‌ಗೆ ಹೋಗಬೇಕಾಗಿತ್ತು. ತಾತನ ಕುದುರೆ ಗಾಡಿ ಬಿಟ್ಟು ಸುಮ್ಮನೆ ನಡೆಯುವ ಕಂತು ಅದು. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವನೊಬ್ಬ ಅಲ್ಲಿದ್ದಾನೆಂದು ಮೇಷ್ಟ್ರಿಗೆ ಗೊತ್ತಿತ್ತು. ಬೈಕಿನಲ್ಲಿ ಹೋದೆವು. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಮೇಷ್ಟ್ರು ಎಡಗೈ ಬಳಸಿದರು.

ಕುದುರೆಯವನು ಬಿಳಿ ಕುದುರೆಯನ್ನು ಬಯಲಿಗೆ ತಂದು ನಿಲ್ಲಿಸಿ ಕೇಳಿದ: "ಮದ್ವೆ ಯಾವತ್ತು ಸಾರ್?"

"ಮದ್ವೆ ಇಲ್ಲ. ಇದು ನಡೆಯೋದ್ ನೋಡ್ಬೇಕು" ಎಂದೆ.

"ಬರೀ ನೋಡಕ್ಕಾ? ಗಂಡು ಯಾರೂ ಇಲ್ವಾ?"

"ಗಂಡು ನಾನೇ ಕಣಪ್ಪ" ಎಂದರು ಮೇಷ್ಟ್ರು, "ಹೊರಡೋದು ಒಸಿ ತಡ ಆಯ್ತು."

ಅವನು ನಗುತ್ತ ಕುದುರೆ ನಡೆಸಿದ. ನಾನು ಫೋನು ಹಿಡಿದೆ. ಮೇಷ್ಟ್ರು ಬೇಲಿಗೆ ಒರಗಿ ನೋಡುತ್ತ, "ಬಲ್ಗಡೆ ಹಿಂಗಾಲು ನೋಡ್ಲಾ. ಪೂರ್ತಿ ಊರ್ತಿಲ್ಲ ಅದು" ಎಂದರು. ಹೊಸ ಲಾಳ ಹೊಡೆಸಿದ್ದೇನೆ, ಇನ್ನೆರಡು ದಿನಕ್ಕೆ ಸರಿಹೋಗುತ್ತದೆ ಎಂದು ಕುದುರೆಯವನು ಹೇಳಿ ನೀರು ತರಲು ಹೋದ.

ನಾವಿಬ್ಬರೇ ಇದ್ದೆವು. ನಾನು ಕೇಳಿದೆ: "ಕುದುರೆ ಕಾಲು ಕಾಣುತ್ತೆ, ನಿಮ್ಮ ಕೈ ಕಾಣಲ್ವಾ ಮೇಷ್ಟ್ರೇ?"

ಅವರು ಕುದುರೆಯನ್ನೇ ನೋಡುತ್ತಿದ್ದರು.

"ಕಾಣ್ದೆ ಏನ್ಲಾ? ನಾನೂ ಫ್ರೇಮ್ ನೋಡೋನೇ ಅಲ್ವಾ."

"ಯಾವಾಗಿಂದ?"

"ಮೌಸು ಒಂದ್ ಸಲ ಒತ್ತಿದ್ರೆ ಎರಡು ಸಲ ಒತ್ತುತ್ತೆ. ಗುಂಡಿ ಹಾಕಕ್ಕೆ ನನ್ ಹೆಂಡ್ತಿ ಬೇಕು. ಸಹಿ ಮಾಡಿದ್ರೆ ಇರುವೆ ಸಾಲು." ಬೇಲಿಯಿಂದ ಸರಿದು ನನ್ನ ಕಡೆ ತಿರುಗಿ ಹೇಳಿದರು: "ಯಾರ್ಗೂ ಹೇಳ್ಬೇಡ ಕಣೋ. ಸ್ಕೂಲಿಂದ ಒಂದ್ ಸಲ ಆಚೆ ಬಂದಿವ್ನಿ. ಮನೇಲಿ ಕೂತ್ರೆ ನಾನು ಏನು ಅಂತ ನಂಗೇ ಗೊತ್ತಿಲ್ಲ. ಕೈ ಇರೋಗಂಟ ಕೆಲ್ಸ ಮಾಡ್ಬೇಕು. ಅಷ್ಟೇ ನಂಗೆ ಬೇಕಿರೋದು."

ಯಾರಿಗೂ ಹೇಳಲಿಲ್ಲ. ಆದರೆ ಡಾಕ್ಟರ ಹತ್ತಿರ ಹೋಗದಿದ್ದರೆ ಹೇಳುತ್ತೇನೆ ಎಂದೆ. ಅವರ ಹೆಂಡತಿಯೂ ಬಂದರು. ಅವರನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ತುಮಕೂರಿನ ಒಂದು ಕ್ಲಿನಿಕ್ಕಿನಲ್ಲಿ ಕಾಯುತ್ತ ಕುಳಿತಾಗ ಅಕ್ಕ ಮೆಲ್ಲಗೆ ಹೇಳಿದರು: "ನಂಗೆ ವಿಭೂತೀಲೇ ಗೊತ್ತಾಯ್ತು ಕಣಪ್ಪ. ಮೊದ್ಲು ಮೂರು ಗೆರೆ ಹಣೆ ತುಂಬಾ ಬರೋವು. ಈಗ ಅರ್ಧಕ್ಕೇ ನಿಂತೋಯ್ತವೆ. ಪೂಜೆ ಮಾಡೋವಾಗ ಬೆರಳು ಸೋತೋದಂಗೆ. ಕೇಳುದ್ರೆ ವಿಭೂತಿ ಗಟ್ಟಿ ಅಂತಾರೆ."

ಡಾಕ್ಟರು ಹೆಬ್ಬೆರಳಿಗೆ ತೋರುಬೆರಳು ತಟ್ಟುತ್ತಿರಲು ಹೇಳಿದರು. ಎಡಗೈ ತಟ್ಟಿತು. ಬಲಗೈ ಮೊದಲು ಅಗಲವಾಗಿ ತಟ್ಟಿ, ಬರಬರುತ್ತ ಸಣ್ಣದಾಗಿ, ನಿಂತೇಹೋಯಿತು. ಆಮೇಲೆ ಕಾರಿಡಾರಿನಲ್ಲಿ ನಡೆಸಿದರು. ಮೇಷ್ಟ್ರು ನಡೆದು ಹೋಗಿ, ತಿರುಗಿ, ಬಂದರು. ನನ್ನ ಫೋನಿನಲ್ಲಿದ್ದ ಎರಡು ವಿಡಿಯೊಗಳನ್ನೂ ಡಾಕ್ಟರಿಗೆ ತೋರಿಸಿದೆ. ಹಳೆಯದನ್ನು ಅವರು ಎರಡು ಸಲ ನೋಡಿದರು.

"ಇದು ಚೆನ್ನಾಗಿರೋವಾಗಿಂದು ಅಂತೀರಾ? ಇದರಲ್ಲೂ ಬಲಗೈ ಕಡಿಮೆನೇ ಬೀಸ್ತಿದೆ" ಎಂದರು.

ನಾನು ಸರಿಯಾದ ನಡಿಗೆ ಎಂದು ಇಟ್ಟುಕೊಂಡಿದ್ದೇ ಸರಿಯಿರಲಿಲ್ಲ. ಅದಕ್ಕೂ ಹಿಂದಿನ ರೆಫರೆನ್ಸ್ ನಮ್ಮಲ್ಲಿ ಉಳಿದಿರಲಿಲ್ಲ.

ಡಾಕ್ಟರು ಪಾರ್ಕಿನ್ಸನ್ ಎಂಬ ಹೆಸರು ಹೇಳಿದರು. ವಾಸಿಯಾಗುವುದಿಲ್ಲ, ಮಾತ್ರೆ ನುಂಗಿದರೆ ಕೆಲವು ಗಂಟೆ ಕೈಕಾಲು ಸಡಿಲವಾಗುತ್ತದೆ, ಮಾತ್ರೆ ಇಳಿದಾಗ ಮತ್ತೆ ಬಿಗಿಯುತ್ತದೆ, ವರ್ಷ ಕಳೆದಂತೆ ಆ ಸಡಿಲದ ಗಂಟೆಗಳು ಕಡಿಮೆಯಾಗುತ್ತವೆ. ನಿಮ್ಮಷ್ಟಕ್ಕೆ ನೀವೇ ಮಾತ್ರೆ ಬಿಡಬಾರದು ಎಂದು ಎರಡು ಸಲ ಹೇಳಿದರು. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಮೌಸ್ ಹಿಡೀಬೋದಾ ಸಾರ್?" ಹಿಡಿಯಿರಿ, ಆಗುವಷ್ಟು ದಿನ ಹಿಡಿಯಿರಿ ಎಂದರು ಡಾಕ್ಟರು.

ಮಾತ್ರೆ ಕೆಲಸ ಮಾಡಿತು. ಮೇಷ್ಟ್ರ ಬಲಗೈ ಮತ್ತೆ ಬೀಸಿತು. ಬಸ್ಸಿನಿಂದ ಇಳಿದು ನಡೆದು ಬರುವಾಗಲೇ ಎರಡೂ ಕೈ ಬೀಸುತ್ತ, ನನ್ನ ಮೇಜಿನ ಹತ್ತಿರ ಬಂದು, "ನೋಡ್ಲಾ, ಪೆರೇಡು" ಎಂದರು. ಆ ತಿಂಗಳು ಅವರು ಇಬ್ಬರ ಕೆಲಸ ಮಾಡಿದರು. ತಾತನ ಶಾಟ್‌ಗಳು ಬೆಂಗಳೂರಿಗೆ ಹೋದವು. ಎಲ್ಲವೂ ವಾಪಸು ಬಂದವು. ತಾತನ ನಡಿಗೆ ಯಾಕೆ ಬದಲಾಯಿತು, ಇದು ಯಾರೋ ಬೇರೆಯವನಂತೆ ಕಾಣುತ್ತಿದ್ದಾನೆ, ಒಪ್ಪಿಗೆಯಾಗಿದ್ದ ನಡಿಗೆಯೇ ಬೇಕು ಎಂದು ಬರೆದಿದ್ದರು. ಅವರಿಗೆ ಕಾರಣ ಗೊತ್ತಿರಲಿಲ್ಲ. ಗೊತ್ತಿರುವ ಸಾಧ್ಯತೆಯೂ ಇರಲಿಲ್ಲ. ನಾವು ಮಾತ್ರೆ ಶುರುವಾಗುವ ಮೊದಲಿನ ವಿಡಿಯೊ ನೋಡಿಕೊಂಡು ಕೈಯನ್ನು ಮತ್ತೆ ಪಕ್ಕೆಗೆ ಅಂಟಿಸಿ ಕಳುಹಿಸಿದೆವು. ಮೌಸಿನಿಂದ ಮಾಡುವ ಕೆಲಸವಾದ್ದರಿಂದ ಅದು ನಡೆಯಿತು.

ಆಮೇಲೆ ಮೌಸಿನ ಕೆಲಸವೇ ಹೋಗುವ ಸುದ್ದಿ ಬಂತು. ಓನರ್ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಬೆಂಗಳೂರಿನವರು ಹೊಸ ಸಾಫ್ಟ್‌ವೇರ್ ತರಿಸಿದ್ದಾರೆ. ಒಬ್ಬ ಮನುಷ್ಯ ನಡೆಯುವ, ಕೂರುವ, ಹತ್ತುವ, ಇಳಿಯುವ ವಿಡಿಯೊಗಳನ್ನು ಅದಕ್ಕೆ ಕೊಟ್ಟರೆ ಬೊಂಬೆಯನ್ನು ಹಾಗೆಯೇ ಅದು ನಡೆಸುತ್ತದೆ. ಶಾಟಿಗೊಬ್ಬ ಅನಿಮೇಟರ್ ಬೇಡ. ಸರಿಮಾಡಲು ಒಬ್ಬಿಬ್ಬರು ಸಾಕು.

"ನಾವೆಲ್ಲ?" ಎಂದು ಕೀಲು ಕೂರಿಸುವ ಹುಡುಗಿ ಕೇಳಿದಳು.

"ನಾನೇನ್ ಮಾಡ್ಲಮ್ಮ? ಇಲ್ಲ ಅಂದ್ರೆ ಪ್ರಾಜೆಕ್ಟೇ ಎತ್ಕೊಂಡ್ ಹೋಗ್ತಾರೆ" ಎಂದ ಓನರ್ ಮೇಷ್ಟ್ರ ಕಡೆ ತಿರುಗಿದರು. "ಮೇಷ್ಟ್ರೇ, ನಿಮ್ಗೆ ಪ್ರಾಬ್ಲಮ್ ಇಲ್ಲ. ತಾತ ಅಂದ್ರೆ ನೀವೇ. ರೆಕಾರ್ಡಿಂಗ್ ಪೂರ್ತಿ ನಿಮ್ದೇ. ತಾತ ಇರೋವರ್ಗೂ ನೀವು ಇರ್ತೀರ."

ಓನರಿಗೆ ಅಷ್ಟು ಹೊತ್ತಿಗೆ ಕಾಯಿಲೆಯ ವಿಷಯವನ್ನು ಮೇಷ್ಟ್ರೇ ಹೇಳಿದ್ದರು. ಆ ಮಾತನ್ನು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮೇಷ್ಟ್ರು ಅದನ್ನು ಹಿಡಿದುಕೊಂಡರು. ಟೀ ಅಂಗಡಿಯಲ್ಲಿ ನನಗೆ ಹೇಳಿದರು: "ಕೈ ನಿಂತೋದ್ರೂ ಮೈ ಇರುತ್ತಲ್ಲೋ. ಮೆಷಿನ್ನಿಗೆ ಮೈ ಕೊಟ್ರೆ ಆಯ್ತು. ಒಂಥರಾ ದೇವ್ರೇ ಮಾಡ್ದಂಗಾಯ್ತು ಬುಡು."

ಮೊದಲ ದಿನದ ರೆಕಾರ್ಡಿಂಗನ್ನು ಮಾತ್ರೆಯ ಹೊತ್ತು ನೋಡಿಕೊಂಡು ಇಟ್ಟುಕೊಂಡೆವು. ಕೈ ಸಡಿಲವಾಗಿದ್ದಾಗ, ಹುರುಪಾಗಿದ್ದಾಗ. ವಾಪಸು ಬಂತು. ತಾತನ ನಡಿಗೆಯೇ ಬೇಕು ಎಂದಿದ್ದರು. ಎರಡನೆಯ ಸಲ ಮೇಷ್ಟ್ರು ಮಾತ್ರೆಯ ಹೊತ್ತಿನಲ್ಲೇ ಆ ನಡಿಗೆಯನ್ನು ಅಭಿನಯಿಸಿದರು. ತಮ್ಮದೇ ನಡಿಗೆ ಅದು, ಇಷ್ಟು ವರ್ಷ ಊರಿನವರ ನಡಿಗೆಯನ್ನೆಲ್ಲ ಅನುಕರಿಸಿದ ಮನುಷ್ಯ ಅವರು. ಆಗಲಿಲ್ಲ. ಕೈಯನ್ನು ಬೇಕೆಂದು ಹಿಡಿದಾಗ ಭುಜ ಮೇಲೇರುತ್ತಿತ್ತು. ಹೆಜ್ಜೆಯನ್ನು ಬೇಕೆಂದು ಗಿಡ್ಡ ಮಾಡಿದಾಗ ಸೊಂಟ ಅಲ್ಲಾಡುತ್ತಿತ್ತು. ಫ್ರೇಮಿನಲ್ಲಿ ನೋಡಿ ಅವರೇ ಹೇಳಿದರು: "ಥೂ, ಹರಿಕಥೆ ದಾಸಯ್ಯ ಆಗೋಗವ್ನೆ." ಬೆಂಗಳೂರಿನವರೂ ಅದನ್ನೇ ಬೇರೆ ಮಾತಿನಲ್ಲಿ ಬರೆದರು: ನಟನೆ ಕಾಣುತ್ತಿದೆ, ಸಹಜವಾಗಿರಲಿ.

ಮೂರನೆಯ ರೆಕಾರ್ಡಿಂಗಿನ ದಿನ ಮೇಷ್ಟ್ರು ಬಸ್ಸಿನಿಂದ ಇಳಿಯಲು ಕಂಡಕ್ಟರ್ ಕೈ ಹಿಡಿಯಬೇಕಾಯಿತು. ನಾನು ನಿಲ್ದಾಣದಲ್ಲಿ ಕಾಯುತ್ತಿದ್ದೆ. ನೋಡಿದ ಕೂಡಲೇ ತಿಳಿಯಿತು.

"ಮಾತ್ರೆ?"

"ಮಧ್ಯಾಹ್ನ ನುಂಗ್ತೀನಿ ಬಾರ್ಲಾ. ಈಗ ಬೇಗ ಬೇಗ ಹಿಡ್ಕೊ."

ಬೇಡವೆಂದೆ. ಓನರ್ ಕೂಡ ಬೇಡವೆಂದರು. ಮೇಷ್ಟ್ರು ಯಾರ ಮಾತಿಗೂ ಕಾಯದೆ ವರಾಂಡದ ತುದಿಗೆ ಹೋಗಿ ನಿಂತು ನಡೆಯಲು ಶುರು ಮಾಡಿದರು. ಫೋನು ನನ್ನ ಕೈಯಲ್ಲಿತ್ತು. ಬಲಗೈ ಪಕ್ಕೆಗೆ ಅಂಟಿತ್ತು, ಹೆಬ್ಬೆರಳು ತೋರುಬೆರಳಿನ ಮೇಲೆ ಸುಮ್ಮನೆ ಉರುಳುತ್ತಿತ್ತು. ಆ ವಿಡಿಯೊ ಒಂದೇ ಸಲಕ್ಕೆ ಒಪ್ಪಿಗೆಯಾಯಿತು. ಇಂಥವೇ ಕಳುಹಿಸಿ ಎಂದು ಉತ್ತರ ಬಂತು.

ಆಮೇಲೆ ರೆಕಾರ್ಡಿಂಗ್ ಇರುವ ದಿನಗಳಲ್ಲೆಲ್ಲ ಅವರು ಬೆಳಗಿನ ಮಾತ್ರೆ ಬಿಡುತ್ತಿದ್ದರು. ಮೆಟ್ಟಿಲು ಹತ್ತುವುದು, ಮೆಟ್ಟಿಲು ಇಳಿಯುವುದು, ಬಾಗುವುದು, ಹಿಂದೆ ತಿರುಗಿ ಕೂಗುವುದು. ಪಟ್ಟಿ ಉದ್ದವಾಗಿತ್ತು. ಒಂದು ದಿನ ನಡುವೆಯೇ ಅಕ್ಕ ಗುಬ್ಬಿಯಿಂದ ಬಂದು ಮಹಡಿ ಹತ್ತಿದರು. ಕೈಯಲ್ಲಿ ಮಾತ್ರೆಯ ಡಬ್ಬಿ ಇತ್ತು. ಬೆಳಗಿನ ಖಾನೆಗಳಲ್ಲಿ ಮಾತ್ರೆ ಹಾಗೆಯೇ ಉಳಿದಿದ್ದವು. ಯಾರನ್ನೂ ನೋಡದೆ ಮೇಷ್ಟ್ರ ಮುಂದೆ ನಿಂತರು.

"ಇದೇನ್ರೀ ಇದು?"

"ಮನೇಗ್ ಬಂದು ಮಾತಾಡ್ತೀನಿ."

"ಮನೇಗ್ ಬರೋಗಂಟ ನೆಟ್ಟಗೆ ಇದ್ರೆ ಅಲ್ವಾ?" ಎಂದವರು ಓನರ್ ಕಡೆ ತಿರುಗಿದರು. "ನಿಮ್ ಕಾರ್ಟೂನ್ ತಾತ ನಡೀಲಿ ಅಂತ ನಮ್ಮೋರು ಬಿದ್ದೋಗ್ಬೇಕಾ ಸಾರ್? ಅವ್ನು ಬೊಂಬೆ. ಅವ್ನಿಗೆ ಏನಾಗ್ಬೇಕದೆ?"

ಓನರ್ ಅಂದೇ ರೆಕಾರ್ಡಿಂಗ್ ನಿಲ್ಲಿಸುತ್ತೇನೆ ಎಂದರು. ಮೇಷ್ಟ್ರು ಗೋಡೆ ಹಿಡಿದುಕೊಂಡು ಅಕ್ಕನಿಗೆ ಹೇಳಿದ್ದು ನನಗೆ ಇಂದಿಗೂ ನೆನಪಿದೆ. ದನಿ ಆಗಲೇ ಸಣ್ಣದಾಗಿತ್ತು.

"ನಿಲ್ಸಿದ್ರೆ ಇನ್ನೊಬ್ಬ ಮುದ್ಕನ್ನ ಹುಡುಕ್ತಾರೆ ಕಣೇ. ನಾನು ಸಂಜೆ ಹೊತ್ತು ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತ್ಕೋತೀನಿ. ಅದೇ ತಾನೇ ನಿಂಗೆ ಬೇಕಿರೋದು?"

ಅಕ್ಕ ಬೆಂಚಿನ ಮೇಲೆ ಕುಳಿತು, ಮಧ್ಯಾಹ್ನದ ಮಾತ್ರೆ ತೆಗೆದು, ನೀರು ಕೇಳಿದರು. ಮಾತ್ರೆ ನುಂಗಿಸಿ ಕರೆದುಕೊಂಡು ಹೋದರು. ಮುಂದಿನ ವಾರ ಮೇಷ್ಟ್ರು ಮತ್ತೆ ಬಂದರು, ಅಕ್ಕನೂ ಜೊತೆಗೆ ಬಂದರು. ಉಳಿದದ್ದನ್ನು ಮುಗಿಸಿಬಿಡಲಿ, ಆಮೇಲೆ ಬಿಡುವುದಿಲ್ಲ ಎಂದು ಅಕ್ಕ ನನಗೆ ಹೇಳಿದರು. ಅವರು ಹೇಗೆ ಒಪ್ಪಿದರೆಂದು ನಾನು ಕೇಳಲಿಲ್ಲ.

ಕೊನೆಯದು ತಾತ ಬಾಗಿಲು ದಾಟಿ ಹೊರಗೆ ಬರುವುದು. ಸರಳವಾದದ್ದೆಂದು ಕೊನೆಗೆ ಇಟ್ಟಿದ್ದೆವು. ಈ ಕಾಯಿಲೆಯವರಿಗೆ ಬಾಗಿಲೇ ಕಷ್ಟವೆಂದು ನಮಗೆ ತಿಳಿದಿರಲಿಲ್ಲ. ಮೇಷ್ಟ್ರು ಒಳಗಿನಿಂದ ಚೆನ್ನಾಗಿಯೇ ಬಂದರು. ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಕಚ್ಚಿಕೊಂಡಿತು. ಮೈ ಮುಂದೆ ಬಂತು, ಕಾಲು ಬರಲಿಲ್ಲ. ಮನುಷ್ಯ ಬೀಳುವಾಗ ಕೈ ತಾನಾಗಿ ಮುಂದೆ ಚಾಚುತ್ತದೆ. ಬೀಳುವ ಶಾಟ್‌ನಲ್ಲಿ ನಾವು ಮೊದಲು ಕೂರಿಸುವುದು ಅದನ್ನೇ. ಬಲಗೈ ಚಾಚಲಿಲ್ಲ. ಭುಜ ನೇರವಾಗಿ ನೆಲಕ್ಕೆ ಬಿತ್ತು.

ಮುರಿದ ಭುಜದ ಮೂಳೆ ಕೂಡಿತು, ಆದರೆ ಕೈ ಭುಜದೆತ್ತರಕ್ಕೂ ಏರುತ್ತಿರಲಿಲ್ಲ. ಓನರ್ ಹಣ್ಣು ತೆಗೆದುಕೊಂಡು ಗುಬ್ಬಿಗೆ ಹೋದರು, ನಾನೂ ಜೊತೆಗಿದ್ದೆ. "ರೆಕಾರ್ಡಿಂಗ್ ಎಲ್ಲ ಆಯ್ತಲ್ಲ ಮೇಷ್ಟ್ರೇ. ರೆಸ್ಟ್ ತಗೊಳಿ" ಎಂದರು. ಬಾಗಿಲು ದಾಟುವುದೊಂದು ಆಗಿಲ್ಲ ಎಂದರು ಮೇಷ್ಟ್ರು. ಅದನ್ನು ಸಾಫ್ಟ್‌ವೇರೇ ಮಾಡಿಕೊಳ್ಳುತ್ತದಂತೆ ಎಂದರು ಓನರ್.

ಸ್ಟುಡಿಯೊದಲ್ಲಿ ಉಳಿದವರು ನಾನು, ಕೀಲು ಕೂರಿಸುವ ಹುಡುಗಿ. ಅವಳು ಮದುವೆಯಾಗಿ ಹುಲಿಯೂರುದುರ್ಗಕ್ಕೆ ಹೋದಳು, ನಾನೊಬ್ಬ ಉಳಿದೆ. ಶಾಟ್‌ಗಳು ಈಗ ತಯಾರಾಗಿಯೇ ಬರುತ್ತವೆ. ಕಾಲು ನೆಲದೊಳಗೆ ಹೂತುಹೋಗಿದ್ದರೆ ಎತ್ತುವುದು, ಬೆರಳು ಹೊಟ್ಟೆಯೊಳಗೆ ತೂರಿದ್ದರೆ ಹೊರಗೆಳೆಯುವುದು, ಇದು ಈಗಿನ ಕೆಲಸ. ರೆಫರೆನ್ಸ್ ಬೇಕಿಲ್ಲವಾದ್ದರಿಂದ ಕುರ್ಚಿಯಿಂದ ಏಳುವ ಅಗತ್ಯವಿಲ್ಲ.

ಸಾಫ್ಟ್‌ವೇರ್ ನಡೆಸಿದ ತಾತ ಟಿ.ವಿ.ಯಲ್ಲಿ ಬರತೊಡಗಿ ಸ್ವಲ್ಪ ಕಾಲಕ್ಕೆ ಬೆಂಗಳೂರಿನಿಂದ ಇನ್ನೊಂದು ಸೂಚನೆ ಬಂತು. ಚಾನೆಲ್ಲಿನವರು ಬದಲಾಗಿದ್ದರು. ಹೊಸಬರಿಗೆ ತಾತ ನಿಧಾನವೆನಿಸಿದ್ದ. ಸ್ವಲ್ಪ ಕಾಯಿಲೆಯವನಂತೆ ಕಾಣುತ್ತಾನೆ, ಚುರುಕು ಮಾಡಿ, ಎರಡೂ ಕೈ ಬೀಸಲಿ ಎಂದಿದ್ದರು. ಬಲಗೈ ಬೀಸುವ ವಿಡಿಯೊಗಳನ್ನು ನಾವು ಕಳುಹಿಸಿದ್ದೆವು, ಅವು ವಾಪಸು ಬಂದಿದ್ದವು ಎಂದು ಉತ್ತರ ಬರೆದೆ. ಅದಕ್ಕೆ ಪ್ರತಿಕ್ರಿಯೆ ಬರಲಿಲ್ಲ. ಈ ಕೆಲಸಕ್ಕೆ ಸುಲಭದ ದಾರಿಯೊಂದಿದೆ. ಎಡಗೈಯ ಚಲನೆಯನ್ನು ನಕಲು ಮಾಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಒಂದು ಹೆಜ್ಜೆ ತಡವಾಗಿ ಬಲಗೈಗೆ ಹಾಕುವುದು. ಒಂದು ಸಲ ಮಾಡಿದರೆ ಎಲ್ಲ ಕಂತುಗಳಿಗೂ ಹರಡುತ್ತದೆ. ಬೆಳಗಿನ ಕಾಫಿ ಆರುವ ಮೊದಲೇ ಮುಗಿಯಿತು.

ಕೆಲವು ವಾರದ ಮೇಲೆ ಬಸ್ಸಿನಲ್ಲಿ ಗುಬ್ಬಿಗೆ ಹೋದೆ. ಹಾಲಿನಲ್ಲಿ ಮೇಷ್ಟ್ರು ದಿಂಬಿಗೆ ಒರಗಿ ಕುಳಿತಿದ್ದರು. ಹಣೆಯ ವಿಭೂತಿ ನೇರವಾಗಿ, ತುಂಬಾ ಇತ್ತು, ಅಕ್ಕ ಇಟ್ಟಿದ್ದು. ಮಾತ್ರೆ ಜಾಸ್ತಿ ಮಾಡಿದ್ದಾರೆ, ಅದು ಏರಿದಾಗ ತಲೆಯೂ ಮೈಯೂ ಸುಮ್ಮನೆ ಆಡುತ್ತಿರುತ್ತವೆ ಎಂದು ಅಕ್ಕ ಬಾಗಿಲಲ್ಲೇ ಹೇಳಿದರು. "ಆ ತಾತನ್ನ ನೋಡ್ಬೇಡಿ ಅಂತೀನಿ. ಕೇಳಲ್ಲ. ಟೈಮಿಗೆ ಸರ್ಯಾಗಿ ಹಾಕಿಸ್ಕೋತಾರೆ."

ಅದೇ ಹೊತ್ತಾಗಿತ್ತು. ಅಕ್ಕ ಟಿ.ವಿ. ಹಾಕಿದರು. ತಾತ ಮನೆಯಿಂದ ಹೊರಬಂದು, ಎರಡೂ ಕೈ ಬೀಸುತ್ತ ಗಾಡಿಯ ಕಡೆ ನಡೆದ. ಬಾಗಿಲನ್ನು ಸರಾಗವಾಗಿ ದಾಟಿದ್ದ. ಮೇಷ್ಟ್ರು ನೋಡಿದರು. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಆ ಮುಖದಲ್ಲಿ ಈಗ ಏನೂ ಕಾಣುವುದಿಲ್ಲ.

"ಅದ್ಯಾವನ್ ಕೈಲಾ?" ಎಂದರು. ಕೇಳಿಸಲು ನಾನು ಬಗ್ಗಬೇಕಾಯಿತು.

"ನಿಮ್ದೇ ಮೇಷ್ಟ್ರೇ. ಎಡಗೈನ ತಿರುಗ್ಸಿ ಹಾಕಿದೀನಿ. ಕೈ ಬೀಸ್ಲಿ ಅಂದ್ರು."

ಅವರು ಇನ್ನಷ್ಟು ಹೊತ್ತು ನೋಡಿದರು.

"ವಾಸಿಯಾಗೋಯ್ತು ಬುಡು ಅವ್ನಿಗೆ."

ಅಕ್ಕ ನಕ್ಕರು. ನಗು ನಡುವೆ ನಿಂತಿತು, ಲೋಟ ಎತ್ತಿಕೊಂಡು ಒಳಗೆ ಹೋದರು. ತಾತ ಗಾಡಿ ಹತ್ತಿ ಹೊರಟ. ಭಾರ ಇರಲಿಲ್ಲ, ಗಾಡಿ ತಗ್ಗಲಿಲ್ಲ. ನಮಗಿಬ್ಬರಿಗೂ ಅದು ಕಂಡಿತು.

"ಈಗ ರೆಫರೆನ್ಸು ಯಾರು ಮಾಡ್ತಾರೋ?" ಎಂದು ಕೇಳಿದರು.

"ಯಾರೂ ಇಲ್ಲ ಮೇಷ್ಟ್ರೇ. ಬೇಕಾಗಲ್ಲ ಈಗ."

ಅವರ ತಲೆ ಮೇಲೆ ಕೆಳಗೆ ಆಡಿತು. ಸರಿ ಎಂದು ಆಡಿಸಿದರೋ, ಮಾತ್ರೆ ಆಡಿಸಿತೋ ತಿಳಿಯಲಿಲ್ಲ. ಇಷ್ಟು ವರ್ಷ ಅವರನ್ನು ಒಂದೊಂದೇ ಫ್ರೇಮಿನಲ್ಲಿ ನೋಡಿದವನು ನಾನು. ಇನ್ನೊಂದು ಸಲ ಆಡುತ್ತದೇನೋ ಎಂದು ಕಾದೆ. ಜಾಹೀರಾತು ಬಂತು. ಬಸ್ಸಿಗೆ ಹೊತ್ತಾಗುತ್ತದೆಂದು ಅಕ್ಕ ಒಳಗಿನಿಂದಲೇ ಕೂಗಿ ಹೇಳಿದರು, ನಾನು ಹೊರಟೆ.